ಹದಿನಾಲ್ಕನೆಯ ಚೀಟಿ

ನಮ್ಮ ಪದಕೋಶದ ಕಚೇರಿ ಮೂವತ್ತಮೂರು ವರ್ಷಗಳಲ್ಲಿ ಇಂಗ್ಲಿಷಿನ ಏಳು ಅಕ್ಷರಗಳನ್ನು ದಾಟಿ ಎಂಟನೆಯದರ ಕೊನೆಗೆ ಬಂದು ನಿಂತಿತ್ತು. ನಗುವವರು ನಗಲಿ. ಅಷ್ಟರಲ್ಲಿ ಐದು ಮಂದಿ ಅಧ್ಯಕ್ಷರು ಬಂದು ಹೋದರು. ಬಂದವರೆಲ್ಲ ಕೋಶವನ್ನು ಎರಡೇ ವರ್ಷದಲ್ಲಿ ಮುಗಿಸುವುದಾಗಿ ಹೇಳಿದರು. ಅಕ್ಷರಗಳು ಮಾತ್ರ ಯಾರ ಮಾತನ್ನೂ ಕೇಳದೆ ತಮ್ಮ ನಡಿಗೆಯಲ್ಲೇ ಬಂದವು.

ಕಚೇರಿಯೆಂದರೆ ಒಂದು ಅಚ್ಚುಕೂಟದ ಮೇಲಿನ ಮಹಡಿ. ಕೆಳಗೆ ಯಂತ್ರ ಓಡಿದಾಗ ಮೇಲೆ ನಮ್ಮ ಮೇಜುಗಳು ನಡುಗುತ್ತವೆ. ಮೂರು ಗೋಡೆಗಳಿಗೆ ಕಪಾಟು, ಕಪಾಟಿನ ತುಂಬ ಮರದ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಅಂಗೈ ಅಗಲದ ಚೀಟಿ. ಇಂಗ್ಲಿಷಿನ ಒಂದು ಪದ ತೆಗೆದುಕೊಳ್ಳುವುದು, ಕನ್ನಡದಲ್ಲಿ ಅದಕ್ಕೆ ಎಷ್ಟು ಅರ್ಥ ಬರುತ್ತದೆಂದು ನೋಡುವುದು, ಅರ್ಥಕ್ಕೊಂದರಂತೆ ಕನ್ನಡ ವಾಕ್ಯ ಕೊಡುವುದು. ಇಷ್ಟೇ ಕೆಲಸ. ವಾಕ್ಯ ಚೀಟಿಯ ಮುಂದೆ. ಅದು ಎಲ್ಲಿಂದ ಬಂತೆಂಬ ಆಕರ ಚೀಟಿಯ ಹಿಂದೆ. ಚೀಟಿಯ ಮುಂಭಾಗವನ್ನು ಬರೆಯುತ್ತಿದ್ದವಳು ನನ್ನ ಹೆಂಡತಿ. ಹಿಂಭಾಗವನ್ನು ನೋಡುತ್ತಿದ್ದವನು ನಾನು. ಅವಳನ್ನು ಎಲ್ಲರೂ ಚೀಟಿಯಮ್ಮ ಎನ್ನುತ್ತಿದ್ದರು. ನನ್ನ ತಲೆ ನೆರೆಯುವ ಮೊದಲೇ ನನಗೆ ಆಕರದಜ್ಜ ಎಂದು ಹೆಸರು ಬಿದ್ದಿತ್ತು.

ನಾಲ್ಕನೆಯ ಗೋಡೆಯ ಮೇಲೆ ನಮ್ಮ ಸಂಸ್ಥಾಪಕರ ಭಾವಚಿತ್ರವಿದೆ. ಅದರ ಕೆಳಗೆ ಅವರು ಮಾಡಿದ ನಿಯಮವನ್ನು ಬಣ್ಣದಲ್ಲಿ ಬರೆಸಿದ್ದಾರೆ: “ಆಕರವಿಲ್ಲದ ವಾಕ್ಯ ಬೇಡ.” ಇದಕ್ಕೂ ಕಾರಣವಿತ್ತು. ಮೊದಲ ಸಂಪುಟದ ಕಾಲದಲ್ಲಿ ಒಬ್ಬ ಸಹಾಯಕ, ಸಮರ್ಥ, ಸಜ್ಜನ, ಮೆಚ್ಚತಕ್ಕವನು ಎಂಬ ಅರ್ಥ ಬಂದಲ್ಲೆಲ್ಲ ತನ್ನ ಅಳಿಯನನ್ನೇ ಉದಾಹರಣೆಗೆ ಕೂರಿಸಿದ್ದ. ಯಾರೂ ಗಮನಿಸಲಿಲ್ಲ. ಎರಡನೆಯ ಅಕ್ಷರದ ಹೊತ್ತಿಗೆ ಅಳಿಯ ಮನೆ ಬಿಟ್ಟು ಓಡಿಹೋದ. ದ್ರೋಹ ಬಗೆಯುವುದು ಎಂಬ ಪದಕ್ಕೂ ಅವನೇ ಬಂದ. ಆಗ ಎಲ್ಲರಿಗೂ ಗೊತ್ತಾಯಿತು. ಅಂದಿನಿಂದ ನಿಯಮ ಇದು: ಪುಸ್ತಕದ ವಾಕ್ಯವಾದರೆ ಪುಸ್ತಕದ ಹೆಸರು, ಪುಟ. ಪುಸ್ತಕದ್ದಲ್ಲವಾದರೆ, ವಾಕ್ಯದಲ್ಲಿ ಹೇಳಿದ ಸಂಗತಿ ನಡೆದದ್ದು ಹೌದೆಂದು ಕಣ್ಣಾರೆ ಕಂಡವರ ಸಹಿ. ಎರಡೂ ಇಲ್ಲದ ಚೀಟಿಯ ಮೇಲೆ ನಾನು ಕೆಂಪು ಪೆನ್ಸಿಲಿನಲ್ಲಿ “ಆಕರವಿಲ್ಲ. ಕೈಬಿಡಿ” ಎಂದು ಬರೆದು ಕಸದ ಬುಟ್ಟಿಗೆ ಹಾಕಬೇಕು. ಹಾಕುತ್ತ ಬಂದೆ. ಸಾವಿರಗಟ್ಟಲೆ ಹಾಕಿದ್ದೇನೆ. ಎಷ್ಟೋ ಚೆಂದದ ವಾಕ್ಯಗಳು ಬುಟ್ಟಿಗೆ ಹೋಗುವಾಗ ನನಗೆ ಸಂಕಟವಾಗುತ್ತಿರಲಿಲ್ಲ. ದೇವರು ಮೆಚ್ಚುವ ಕೆಲಸ ಮಾಡುತ್ತಿದ್ದೇನೆ ಎಂಬ ಒಂದು ಬಗೆಯ ತಂಪು ಇರುತ್ತಿತ್ತು.

ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಶ್ರದ್ಧಾಂಜಲಿ ಸಭೆಯನ್ನು ಕಚೇರಿಯಲ್ಲೇ ಮಾಡಿದರು. ನಮ್ಮ ಈಗಿನ ಅಧ್ಯಕ್ಷರು ಹಿಂದೆ ನೀರು ಸರಬರಾಜು ಇಲಾಖೆಯಲ್ಲಿದ್ದವರು, ಸಜ್ಜನರು, ಮಾತಿಗೆ ನಿಂತರೆ ನಲ್ಲಿ ಬಿಟ್ಟಂತೆ. “ನಲವತ್ತೊಂದು ವರ್ಷಗಳ ಸಂಸಾರದಲ್ಲಿ ಈ ದಂಪತಿಗಳ ನಡುವೆ ಒಂದೇ ಒಂದು ಗಡುಸು ಮಾತು ಸುಳಿಯಲಿಲ್ಲ” ಎಂದರು. ಆ ಮಾತು ಸ್ಮರಣೆಯ ಪುಸ್ತಿಕೆಯಲ್ಲೂ ಅಚ್ಚಾಯಿತು, ಐದು ನೂರು ಪ್ರತಿ. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಜನ ಅದನ್ನು ದುಃಖವೆಂದುಕೊಂಡರು. ದುಃಖವೇ ಹೌದು. ಆದರೆ ಆ ಮಾತು ಕೇಳಿದಾಗ ಸ್ವಲ್ಪ ಹಿತವೂ ಆಯಿತೆಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ತಪ್ಪಾಗುತ್ತದೆ.

ಎಂಟನೆಯ ಅಕ್ಷರದ ಕೊನೆಯಲ್ಲಿ ‘ಹರ್ಲ್’ ಎಂಬ ಪದ ಬಂತು. ಸಮಿತಿಯ ಸಭೆ ಕೂಡಿತು. ಅಧ್ಯಕ್ಷರ ಬಲಕ್ಕೆ ಪಂಡಿತರು, ಎಡಕ್ಕೆ ಪ್ರಾಧ್ಯಾಪಕರು. ಈ ಇಬ್ಬರೂ ಹನ್ನೆರಡು ವರ್ಷದಿಂದ ಒಂದೇ ಒಂದು ವಿಷಯದಲ್ಲೂ ಒಪ್ಪಿದವರಲ್ಲ. ಕಿಟಕಿ ತೆಗೆಯಬೇಕೇ ಮುಚ್ಚಬೇಕೇ ಎಂಬುದೂ ಸೇರಿ. ಮೂಲೆಯಲ್ಲಿ ಟೈಪಿನ ಅಕ್ಕ. ಅವಳ ಪಕ್ಕ ನಾನು.

“ಈ ಪದದ ಅರ್ಥ ಏನ್ರೀ?” ಎಂದರು ಅಧ್ಯಕ್ಷರು.

“ಬಲವಾಗಿ ಎಸೆಯೋದು,” ಎಂದರು ಪಂಡಿತರು.

“ಬಲವಾಗಿ ಅಂದ್ರೆ ಎಷ್ಟು ಬಲವಾಗಿ? ನಮ್ಮ ಇಲಾಖೇಲಿ ನೀರಿಗೂ ಒತ್ತಡ ಇಷ್ಟೇ ಅಂತ ಅಳತೆ ಇರ್ತಿತ್ತು. ಇಲ್ಲಿ ಎಲ್ಲಾ ಬಾಯಲ್ಲೇ!”

ಹೀಗಾಗಿ ಒಬ್ಬ ತಜ್ಞರನ್ನು ಕರೆಸಿದ್ದರು. ಒಂದು ಹೈಸ್ಕೂಲಿನಲ್ಲಿ ವ್ಯಾಯಾಮ ಕಲಿಸುತ್ತಿದ್ದ ಪೀಟಿ ಮೇಷ್ಟ್ರು. ನಿವೃತ್ತರಾಗಿದ್ದರೂ ಕೊರಳಲ್ಲಿ ಸೀಟಿ ಇತ್ತು. ಅವರು ಎದ್ದು ನಿಂತು, ಮಕ್ಕಳಿಗೆ ಹೇಳುವಂತೆ ನಮಗೆ ಹೇಳಿದರು.

“ನೋಡಿ, ಎಸೆಯೋದು ಮಣಿಕಟ್ಟಿಂದ. ಒಗೆಯೋದು ಮೊಣಕೈಯಿಂದ. ಬೀಸಿ ಒಗೆಯೋದು ಭುಜದಿಂದ. ಸೊಂಟ ತಿರುಗಿಸಿ ಪೂರ್ತಿ ಮೈಯಿಂದ ಬಂತು ಅಂದ್ರೆ, ಅದು ನಿಮ್ಮ ಈ ಪದ.”

“ಹೊಟ್ಟೆಯಿಂದ ಬಂದ್ರೆ, ಮೇಷ್ಟ್ರೇ?” ಎಂದಳು ಟೈಪಿನ ಅಕ್ಕ.

“ಅದಕ್ಕೆ ನಾನು ತರಬೇತಿ ಕೊಟ್ಟಿಲ್ಲಮ್ಮ. ಅದು ಅವರವರ ಮನೇಲೇ ಕಲೀತಾರೆ.”

ಅಧ್ಯಕ್ಷರು ಮಾಡಿ ತೋರಿಸಿ ಎಂದರು. ಮೇಷ್ಟ್ರು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು, ಕಾಗದ ಹಾರದಂತೆ ಇಡುವ ಗುಂಡು ಅದು, ಕೈಗೆ ತೆಗೆದುಕೊಂಡು ತೂಕ ನೋಡಿದರು. ಸೊಂಟ ತಿರುಗಿತು. ಗುಂಡು ಕಿಟಕಿಯಿಂದ ಆಚೆ ಹೋಯಿತು. ಕೆಳಗೆ ಮಣ್ಣಿನ ಕುಂಡ ಒಡೆದ ಸದ್ದು, ಅದರ ಬೆನ್ನಿಗೇ ಕಾವಲುಗಾರನ ಗಂಟಲು ಕೇಳಿತು: “ಯಾವನೋ ಅವ್ನು? ಕೈ ಮುರಿದು ಹೋಗ್ಲಿ ನಿಂದು!”

“ಬರ್ಕೊಳ್ಳಿ, ಬರ್ಕೊಳ್ಳಿ,” ಎಂದರು ಅಧ್ಯಕ್ಷರು ಸಂತೋಷದಿಂದ. “ಒಂದನೇ ಅರ್ಥ ಆಯ್ತು.”

ಎರಡನೆಯ ಅರ್ಥಕ್ಕೆ ತಕರಾರು ಬಂತು. ಇಂಗ್ಲಿಷಿನವರು ಈ ಪದವನ್ನು ಬೈಗುಳಕ್ಕೂ ಬಳಸುತ್ತಾರೆ. ಕನ್ನಡದಲ್ಲಿ ಬೈಗುಳವನ್ನು ಎಸೆಯಬಹುದೇ?

“ಬರೋದಿಲ್ಲ,” ಎಂದರು ಪಂಡಿತರು. “ಬೈಗುಳ ಸುರಿಸ್ತೀವಿ. ಬೈಗುಳದ ಮಳೆ ಕರೀತೀವಿ. ಎಸೆಯೋದಿಲ್ಲ. ಎಸೆಯೋಕೆ ಅದೇನು ಚೆಂಡಾ?”

“ಸವಾಲು ಎಸೀತೀವಿ, ಪ್ರಶ್ನೆ ಎಸೀತೀವಿ, ಕಿಡಿನೋಟ ಎಸೀತೀವಿ,” ಎಂದರು ಪ್ರಾಧ್ಯಾಪಕರು. “ಬೈಗುಳ ಒಂದು ಏನು ಪಾಪ ಮಾಡಿದೆ?”

“ಅದೆಲ್ಲ ನಿಮ್ಮಂಥವರು ಇಂಗ್ಲಿಷಿಂದ ಕದ್ದು ತಂದಿದ್ದು.”

“ಕದ್ದು? ಕಳ್ಳತನದ ಮಾತು ನೀವಾ ಆಡೋದು? ನಿಮ್ಮ ಪ್ರಬಂಧದ ಎರಡನೇ ಅಧ್ಯಾಯ ಯಾರು ಬರೆದಿದ್ದು ಅಂತ ಹೇಳ್ಲಾ ಇಲ್ಲಿ?”

“ಹೇಳ್ರೀ! ಗಂಡಸಾದ್ರೆ ಹೇಳ್ರೀ! ಮುನ್ನುಡಿ ಬಿಟ್ಟು ಮುಂದಿನ ಪುಟ ತಿರುಗಿಸದ ಮುಟ್ಠಾಳ!”

“ನೀನು ಗೆದ್ದಲು ಹಿಡಿದ ಕಪಾಟು ಕಣೋ! ಬಾಗಿಲು ತೆಗೆದ್ರೆ ಬರೀ ಧೂಳು!”

ಪಂಡಿತರಿಗೆ ಎಪ್ಪತ್ತೆಂಟು ವರ್ಷ. ಅವರ ಕೈಗೆ ನಮ್ಮ ಕೋಶದ್ದೇ ಮೂರನೆಯ ಸಂಪುಟ ಸಿಕ್ಕಿತು. ತೂಕ ಎರಡೂವರೆ ಕಿಲೋ. ಅದು ಪ್ರಾಧ್ಯಾಪಕರ ಕಿವಿಯ ಪಕ್ಕದಿಂದ ಹಾದು ಸಂಸ್ಥಾಪಕರ ಭಾವಚಿತ್ರಕ್ಕೆ ಬಡಿಯಿತು. ಭಾವಚಿತ್ರ ವಾರೆಯಾಗಿ, ಸಂಸ್ಥಾಪಕರು ಕತ್ತು ಓರೆ ಮಾಡಿ ನಮ್ಮನ್ನು ನೋಡುವಂತಾಯಿತು.

ಪೀಟಿ ಮೇಷ್ಟ್ರು ಮೆಚ್ಚಿಗೆಯಿಂದ ತಲೆಯಾಡಿಸಿದರು. “ಸೊಂಟದಿಂದ ಬಂತು. ಈ ವಯಸ್ಸಿಗೆ ಪರವಾಗಿಲ್ಲ.”

ಟೈಪಿನ ಅಕ್ಕ ಎರಡು ಚೀಟಿ ಬರೆದು ನನ್ನ ಮುಂದೆ ಸರಿಸಿದಳು. ಒಂದರಲ್ಲಿ, “ಪಂಡಿತರು ಸಂಪುಟವನ್ನು ಬೀಸಿ ಒಗೆದರು.” ಇನ್ನೊಂದರಲ್ಲಿ, “ಪಂಡಿತರು ಪ್ರಾಧ್ಯಾಪಕರತ್ತ ಬೈಗುಳಗಳನ್ನು ಎಸೆದರು.” ಹಿಂದೆ, ಕಂಡವರು ಎಂಬಲ್ಲಿ ಅಧ್ಯಕ್ಷರ ಮತ್ತು ಮೇಷ್ಟ್ರ ಸಹಿಯನ್ನೂ ಆಗಲೇ ಹಾಕಿಸಿಕೊಂಡಿದ್ದಳು. ಆಕರ ಸರಿಯಾಗಿತ್ತು. ನಾನು ಒಪ್ಪಿ ಗುರುತು ಹಾಕಿದೆ. ಬೈಗುಳವನ್ನು ಎಸೆಯಲಾಗದು ಎಂದು ವಾದಿಸಿದವರೇ ಎಸೆದು ತೋರಿಸಿದ್ದರಿಂದ ಎರಡನೆಯ ಅರ್ಥವೂ ಸರ್ವಾನುಮತದಿಂದ ಪಾಸಾಯಿತು.

ಆಮೇಲೆ ಅಧ್ಯಕ್ಷರು ಈ ಪದಕ್ಕೆಂದು ಮೊದಲೇ ತಯಾರಿಸಿಟ್ಟಿದ್ದ ಪೆಟ್ಟಿಗೆಯನ್ನು ತೆರೆದರು. ಅದು ನನ್ನ ಹೆಂಡತಿ ಮಾಡಿಟ್ಟ ಕೊನೆಯ ಪೆಟ್ಟಿಗೆ. ಹಾಸಿಗೆ ಹಿಡಿದ ಮೇಲೂ ಅವಳು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಚೀಟಿ ಬರೆಯುತ್ತಿದ್ದಳು. ಟೈಪಿನ ಅಕ್ಕ ವಾರಕ್ಕೊಮ್ಮೆ ಬಂದು ಒಯ್ಯುತ್ತಿದ್ದಳು. ಹದಿನಾಲ್ಕು ಚೀಟಿಗಳಿದ್ದವು. ಹದಿಮೂರನ್ನು ಅಧ್ಯಕ್ಷರು ಸರಸರ ಓದಿದರು. ಕಲ್ಲು, ಈಟಿ, ಅಲೆ ದೋಣಿಯನ್ನು ದಡಕ್ಕೆ ಎಸೆದದ್ದು, ಎಲ್ಲವೂ ಪುಸ್ತಕದವು. ಹದಿನಾಲ್ಕನೆಯದನ್ನು ಓದುವಾಗ ಅವರ ದನಿ ತಾನಾಗಿ ಇಳಿಯಿತು.

“ಅವರು ಲೋಟವನ್ನು ಬೀಸಿ ಗೋಡೆಗೆ ಒಗೆದರು. ನನಗೆ ತಗಲಲಿಲ್ಲ, ಆದರೂ ತಗಲಿತು.”

ಕೆಳಗೆ ಅಚ್ಚಿನ ಯಂತ್ರ ಅದೇ ಹೊತ್ತಿಗೆ ನಿಂತಿತ್ತು.

“ಆಹಾ,” ಎಂದರು ಪ್ರಾಧ್ಯಾಪಕರು. “ನಾವು ಎರಡು ಗಂಟೆ ಕಿತ್ತಾಡಿದ್ದನ್ನ ಒಂದೇ ಏಟಿಗೆ ಹೇಳಿಬಿಟ್ಟಿದ್ದಾರೆ. ಯಾರೋ ದೊಡ್ಡ ಲೇಖಕರದ್ದೇ ಇರಬೇಕು.”

“ದೊಡ್ಡವರದ್ದೇ,” ಎಂದರು ಪಂಡಿತರು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ಒಪ್ಪಿದ್ದರಿಂದ ಇಬ್ಬರಿಗೂ ಗಾಬರಿಯಾಗಿ ಬೇರೆ ಬೇರೆ ಕಡೆ ನೋಡಿದರು.

ಅಧ್ಯಕ್ಷರು ಚೀಟಿಯನ್ನು ತಿರುಗಿಸಿದರು. ಹಿಂಭಾಗ ಖಾಲಿ.

“ಅಜ್ಜ, ಇದಕ್ಕೆ ಆಕರ ಎಲ್ಲಿ?”

ಚೀಟಿ ನನ್ನ ಕೈಗೆ ಬಂತು. ಅಕ್ಷರಗಳು ನಡುಗಿದ್ದವು, ಆದರೆ ಸಾಲು ಓರೆಯಾಗಿರಲಿಲ್ಲ. ಅವಳ ಸಾಲು ಎಂದೂ ಓರೆಯಾಗುತ್ತಿರಲಿಲ್ಲ.

“ನೋಡಿ ಹೇಳ್ತೀನಿ,” ಎಂದೆ.

“ಮುಂದಿನ ಸಭೆ ಹದಿನೈದು ದಿನಕ್ಕೆ. ಅಷ್ಟರೊಳಗೆ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ನಿಯಮ ಗೊತ್ತಲ್ಲ ನಿಮಗೆ. ನೀವೇ ಬುಟ್ಟಿಗೆ ಹಾಕಬೇಕು.”

ಹೊರಗೆ ಮೆಟ್ಟಿಲ ಮೇಲೆ ಪ್ರಾಧ್ಯಾಪಕರು ನನ್ನ ತೋಳು ಹಿಡಿದು ನಿಲ್ಲಿಸಿದರು. “ಅಜ್ಜ, ಸುಮ್ನೆ ತಲೆ ಕೆಡಿಸ್ಕೋಬೇಡಿ. ನಮ್ಮ ಗುರುಗಳದ್ದೊಂದು ಕಾದಂಬರಿ ಇದೆ. ಪುಟ ಇನ್ನೂರ ಹನ್ನೆರಡು ಅಂತ ಹಾಕಿಬಿಡಿ. ಯಾರು ತೆಗೆದು ನೋಡ್ತಾರೆ? ನಾನೇ ಪೂರ್ತಿ ಓದಿಲ್ಲ.”

“ತೆಗೆದು ನೋಡೋ ಕೆಲಸ ನಂದೇ ಅಲ್ವಾ?”

“ಅದಕ್ಕೇ ಹೇಳ್ತಿರೋದು. ನೀವು ನೋಡ್ಬೇಡಿ.”

ಮನೆಗೆ ಬಂದೆ. ನನ್ನ ಹೆಂಡತಿ ಮೂವತ್ತೆರಡು ವರ್ಷ ಚೀಟಿ ಬರೆದಳು. ನಾಲ್ಕು ಲಕ್ಷಕ್ಕೆ ಕಡಿಮೆಯಿರಲಾರದು. ಅದರಲ್ಲಿ ಒಂದೂ ಅವಳ ಮಾತಲ್ಲ; ಎಲ್ಲ ಬೇರೆಯವರ ಪುಸ್ತಕದ್ದು, ಬೇರೆಯವರ ಬಾಯಿಯದ್ದು. ಅವಳದೆಂದು ಉಳಿದದ್ದು ಈ ಒಂದೇ ಚೀಟಿ. ಬುಟ್ಟಿಗೆ ಹಾಕಿದರೆ ಕೋಶದಲ್ಲಿ ಅವಳಿಲ್ಲ. ಗುರುಗಳ ಪುಟ ಇನ್ನೂರ ಹನ್ನೆರಡಕ್ಕೆ ಬರೆದರೆ ವಾಕ್ಯ ಉಳಿಯುತ್ತದೆ, ಅವಳು ಉಳಿಯುವುದಿಲ್ಲ. ಇನ್ನು ನಿಜವಾದ ಆಕರ. ಅದು ನಮ್ಮ ಅಡುಗೆಮನೆಯ ಗೋಡೆಯಲ್ಲಿ, ನೀರಿನ ಕೊಳಗದ ಮೇಲೆ ಒಂದು ಗೇಣು ಎತ್ತರದಲ್ಲಿ, ಹೆಬ್ಬೆರಳು ಹಿಡಿಸುವಷ್ಟು ಒಂದು ಗುಳಿ. ಮೂರು ಸಲ ಸುಣ್ಣ ಬಳಿದರೂ ತುಂಬದೆ ಹಾಗೇ ಇದೆ.

ಅದಾಗಿ ಇಪ್ಪತ್ತಾರು ವರ್ಷ. ಕೋಶ ಆಗ ಮೂರನೆಯ ಅಕ್ಷರದಲ್ಲಿತ್ತು. ‘ಕಮ್’ ಎಂಬ ಪದದ ಪೆಟ್ಟಿಗೆಯಲ್ಲಿ ಆಕರವಿಲ್ಲದ ಚೀಟಿಯೊಂದು ಸಿಕ್ಕಿತು. ಕೆಂಪು ಪೆನ್ಸಿಲಿನಲ್ಲಿ ಬರೆದು ಬುಟ್ಟಿಗೆ ಹಾಕಿದೆ. ಸಂಜೆ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಎದ್ದು ನೀರು ಕೇಳಿದೆ. ಅವಳು ಲೋಟ ಕೊಡುತ್ತ ಕೇಳಿದಳು:

“ಇವತ್ತು ನನ್ನ ಚೀಟಿ ಬಿಸಾಕಿದ್ರಂತೆ?”

“ಆಕರ ಇರಲಿಲ್ಲ.”

“ನನ್ನ ವಾಕ್ಯ ಅದು. ನಾನೇ ಯೋಚನೆ ಮಾಡಿ ಬರೆದಿದ್ದು.”

“ಅದಕ್ಕೇ ಬಿಸಾಕಿದ್ದು.”

“ನನ್ನ ಮಾತಿಗೆ ನಾನೇ ಆಕರ ಆಗಲ್ವಾ?”

ಅವಳು ಸಿಟ್ಟಿನಿಂದ ಕೇಳಿರಲಿಲ್ಲ. ತುಟಿಯ ತುದಿಯಲ್ಲಿ ನಗು ಕೂಡ ಇತ್ತು. ಉತ್ತರ ಹೊಳೆಯದ್ದಕ್ಕೆ ಸಿಟ್ಟು ಬಂದದ್ದು ನನಗೆ. “ನಿನ್ನ ಮಾತು ಯಾರಿಗೆ ಬೇಕಾಗಿದೆ?” ಎಂದೆ. ಅದನ್ನು ಹೇಳುತ್ತಲೇ ನನ್ನ ಕೈ ಲೋಟವನ್ನು ಒಗೆದಿತ್ತು. ಲೋಟ ಗೋಡೆಗೆ ಹೋಯಿತು. ಮಾತು ಅವಳಿಗೆ ಹೋಯಿತು. ಬಾಗಿಲಲ್ಲಿ ಮನೆಪಾಠದ ಪುಸ್ತಕ ಹಿಡಿದು ನಿಂತಿದ್ದ ಮಗಳು, ಆಗ ಒಂಬತ್ತು ವರ್ಷ, ಓಡಿ ಹೋಗಿ ಲೋಟ ಎತ್ತಿ ತಂದಳು. ನನ್ನ ಹೆಂಡತಿ ಅದನ್ನು ತೊಳೆದು, ನೀರು ತುಂಬಿಸಿ, ಮತ್ತೆ ನನ್ನ ಕೈಗೆ ಕೊಟ್ಟಳು. ನಾನು ಕುಡಿದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ. ದಾರಿಯಲ್ಲಿ ಇರುವೆ ತುಳಿದರೂ ದೇವರ ಮುಂದೆ ಕ್ಷಮೆ ಕೇಳುವವನು ನಾನು. ಈ ಲೋಟದ ವಿಷಯವನ್ನು ಒಂದು ದಿನವೂ ಅಲ್ಲಿ ಎತ್ತಲಿಲ್ಲ. ಆಮೇಲೆ ಅವಳು ನನಗೆ ನೆಟ್ಟಗಿನ ಲೋಟಗಳಲ್ಲೇ ನೀರು ಕೊಡುತ್ತ ಬಂದಳು. ಬಾಯಿ ಸೊಟ್ಟಗಾದ ಲೋಟದಲ್ಲಿ ತಾನು ಕುಡಿಯುತ್ತಿದ್ದಳು. ಅವಳು ಹೋದ ಮೇಲೆ, ಅವಳು ಕೂರುವ ಜಾಗದ ಹತ್ತಿರ ಅದು ಬೋರಲಾಗಿ ಇದ್ದುದನ್ನು ನೋಡಿ ನನಗಿದು ತಿಳಿಯಿತು.

ಭಾನುವಾರ ಮಗಳು ಬಂದಳು. ಕಣ್ಣಿನ ಆಸ್ಪತ್ರೆಯಲ್ಲಿ ಜನರಿಗೆ ಅಕ್ಷರದ ಹಲಗೆ ತೋರಿಸಿ ದೃಷ್ಟಿ ಪರೀಕ್ಷೆ ಮಾಡುವ ಕೆಲಸ ಅವಳದು. ಚೀಟಿಯನ್ನು ಅವಳ ಮುಂದಿಟ್ಟೆ. ಓದಿದಳು.

“ಇದಕ್ಕೆ ಕಂಡವರ ಸಹಿ ಬೇಕು,” ಎಂದೆ. “ನೀನು ಕಂಡಿದ್ದೆ. ಹಾಕಿಕೊಡ್ತೀಯಾ?”

“ಹಾಕ್ತೀನಿ. ನೀವು ಏನು ಬರೀತೀರಿ?”

“ನಾನೇನು ಬರೀಲಿ? ಕಂಡವರದ್ದು ಒಂದು ಸಹಿ ಇದ್ರೆ ಸಾಕು. ನಿಯಮ ಅಷ್ಟೇ ಇರೋದು. ಎಸೆದವರು ಯಾರು ಅಂತ ಬರೆಯೋ ಅಗತ್ಯ ಇಲ್ಲ.”

ಮಗಳು ನನ್ನನ್ನು ನೋಡಿದಳು. ಆಸ್ಪತ್ರೆಯಲ್ಲಿ, ಕಾಣದ ಅಕ್ಷರವನ್ನು ಕಂಡೆನೆಂದು ಹೇಳುವವರನ್ನು ಹೀಗೆ ನೋಡುತ್ತಾಳೆಂದು ತೋರುತ್ತದೆ.

“ಅಪ್ಪಾ, ಅಮ್ಮನ ಕೈಬರಹ. ಕೆಳಗೆ ನನ್ನ ಸಹಿ. ಮತ್ತೆ ‘ಅವರು’ ಅಂದ್ರೆ ಯಾರು ಅಂತ ಅವರಿಗೆ ಗೊತ್ತಾಗಲ್ವಾ? ಅಮ್ಮ ಬೇರೆ ಯಾರ ಅಡುಗೆಮನೇಲಿ ನಿಂತಿದ್ಲು? ಹಾಲಿನವನು ಬಂದು ನಮ್ಮ ಲೋಟ ಎಸೆದು ಹೋದ್ನಾ?”

ನಾನು ಚೀಟಿಯನ್ನು ತಿರುಗಿಸಿ ಖಾಲಿ ಬದಿಯನ್ನು ಮೇಲೆ ಮಾಡಿದೆ.

“ಇಪ್ಪತ್ತಾರು ವರ್ಷ ನಾನು ಕಾದಿದೀನಿ, ನೀವು ಒಂದು ಸಲ ಅದರ ಬಗ್ಗೆ ಮಾತಾಡ್ತೀರೇನೋ ಅಂತ. ಅಮ್ಮನೂ ಕಾದಿದ್ಲು ಅನ್ಸುತ್ತೆ. ನಿಮ್ಮ ಹತ್ರ ಹೇಳೋಕಾಗದೆ ಕಚೇರಿಗೆ ಬರೆದು ಕಳಿಸಿದಾಳೆ, ನೋಡಿ. ನಿಮ್ಮ ಕೈಗೇ ಬರುತ್ತೆ ಅಂತ ಗೊತ್ತಿತ್ತು ಅವಳಿಗೆ.”

“ನಿಯಮದ ಪ್ರಕಾರ...”

“ನಿಯಮದ ಮಾತು ನನ್ನ ಹತ್ರ ಬೇಡ ಅಪ್ಪಾ. ಪೆನ್ನು ಕೊಡಿ. ನಾನು ಕೆಳಗೆ ಹಾಕ್ತೀನಿ. ಮೇಲಿನ ಜಾಗ ನಿಮಗೆ ಬಿಟ್ಟಿದೀನಿ.”

ಸಹಿ ಹಾಕಿ, ದಿನಾಂಕ ಬರೆದು, ಎರಡು ಸಾಲು ಹಿಡಿಸುವಷ್ಟು ಜಾಗ ಮೇಲೆ ಖಾಲಿ ಬಿಟ್ಟು ಹೋದಳು. ಆ ಎರಡು ಸಾಲಿನ ಜಾಗ ಒಂಬತ್ತು ದಿನ ನನ್ನನ್ನು ನೋಡುತ್ತ ಕೂತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದರೂ ಅದೇ ಬಿಳಿ ಕಾಣುತ್ತಿತ್ತು. ದೇವರೇ, ನನಗೆ ಧೈರ್ಯ ಕೊಡು ಎಂದು ಕೇಳಿದೆ. ಕೇಳಿ, ಆಮೇಲೆ ನನಗೇ ನಾಚಿಕೆಯಾಯಿತು. ಒಗೆಯುವಾಗ ಧೈರ್ಯವನ್ನು ಯಾರ ಹತ್ತಿರವೂ ಕೇಳಿರಲಿಲ್ಲ.

ಸಭೆಯ ದಿನ ಎಲ್ಲರೂ ಬಂದರು. ಪೀಟಿ ಮೇಷ್ಟ್ರನ್ನು ಯಾರೂ ಕರೆದಿರಲಿಲ್ಲ. ಕಳೆದ ಸಭೆ ಹಿಡಿಸಿದ್ದರಿಂದ ತಾವಾಗಿ ಬಂದಿದ್ದರು. ಒಡೆದ ಕುಂಡಕ್ಕೆ ಬದಲಾಗಿ ಹೊಸದನ್ನು ತಂದು ಕಾವಲುಗಾರನಿಗೆ ಕೊಟ್ಟು, ಅವನ ಕೈಯಲ್ಲಿ ಇನ್ನಷ್ಟು ಬೈಸಿಕೊಂಡು ಮೇಲೆ ಬಂದರು. ಸಂಸ್ಥಾಪಕರ ಭಾವಚಿತ್ರವನ್ನು ಯಾರೂ ನೆಟ್ಟಗೆ ಮಾಡಿರಲಿಲ್ಲ. ಯಾರು ನೆಟ್ಟಗೆ ಮಾಡಬೇಕೆಂಬ ಬಗ್ಗೆ ಪಂಡಿತರಿಗೂ ಪ್ರಾಧ್ಯಾಪಕರಿಗೂ ಪತ್ರವ್ಯವಹಾರ ನಡೆದಿತ್ತು.

ನಾನು ಚೀಟಿಯನ್ನು ಅಧ್ಯಕ್ಷರಿಗೆ ಕೊಟ್ಟೆ. ಅವರು ಹಿಂದೆ ತಿರುಗಿಸಿ ಗಟ್ಟಿಯಾಗಿ ಓದಲು ಶುರುಮಾಡಿದರು.

“ವಾಕ್ಯ ಬರೆದವರು: ಚೀಟಿಯಮ್ಮ, ಸ್ವಂತ ವಾಕ್ಯ. ಲೋಟ ಎಸೆದವನು: ಆಕೆಯ ಗಂಡ, ಈ ಕಚೇರಿಯಲ್ಲಿ ಆಕರ ನೋಡುವವನು. ಸ್ಥಳ: ನಮ್ಮ...” ಅಷ್ಟಕ್ಕೆ ಅವರ ಓದು ನಿಂತಿತು. “ಅಜ್ಜ! ಏನ್ರೀ ಇದು?”

“ಆಕರ,” ಎಂದೆ.

“ನೀವಾ? ಲೋಟಾನ?”

“ಹೌದು.”

ಪೀಟಿ ಮೇಷ್ಟ್ರು ನನ್ನನ್ನು ಮೇಲಿನಿಂದ ಕೆಳಗೆ ಅಳೆದರು. “ಈ ಭುಜದಲ್ಲಾ?” ಎಂದರು. ಅವರಿಗೆ ನಂಬಿಕೆಯೇ ಬರಲಿಲ್ಲ.

“ಗೋಡೆಯಲ್ಲಿ ಗುಳಿ ಇದೆ, ಮೇಷ್ಟ್ರೇ. ಬಂದು ನೋಡಬಹುದು.”

“ಲೋಟದಲ್ಲಿ ಏನಿತ್ತು?” ಎಂದರು ಅಧ್ಯಕ್ಷರು, ಏನು ಕೇಳಬೇಕೆಂದು ತೋಚದೆ.

“ನೀರು.”

“ಛೆ, ಛೆ,” ಎಂದರು. ನೀರು ಪೋಲಾದದ್ದಕ್ಕೆ ಹೇಳಿದರೋ, ನನಗೆ ಹೇಳಿದರೋ ತಿಳಿಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ಅಲ್ಲ ಅಜ್ಜ, ನೀವು ನಮ್ಮ ಕಷ್ಟಾನೂ ಸ್ವಲ್ಪ ನೋಡಿ. ನಿಮ್ಮ ಬಗ್ಗೆ ಸಭೇಲಿ ಎಷ್ಟು ಹೇಳಿದೀನಿ! ಪುಸ್ತಿಕೆ ಅಚ್ಚಾಗಿ ಹಂಚಿಯಾಗಿದೆ. ಈಗ ಜನ ಏನಂತಾರೆ? ಒಂದು ಕೆಲಸ ಮಾಡೋಣ. ವಾಕ್ಯ ಇರಲಿ, ಚೆನ್ನಾಗಿದೆ. ‘ಅವರು’ ಅನ್ನೋದನ್ನ ತೆಗೆದು ‘ಕುಡುಕನೊಬ್ಬನು’ ಅಂತ ಹಾಕೋಣ. ಯಾರ ಮನೆ ಅಂತ ಗೊತ್ತಾಗಲ್ಲ.”

“ಕುಡುಕ ಅಂದ್ರೆ ಮುಂದಿನ ಮಾತು ನಿಲ್ಲಲ್ಲ, ಸಾರ್,” ಎಂದಳು ಟೈಪಿನ ಅಕ್ಕ. “ಕುಡುಕ ಎಸೆದ್ರೆ ಲೋಟ ತಗಲುತ್ತೆ, ಇಲ್ಲಾ ತಗಲಲ್ಲ. ಆದರೂ ತಗಲಿತು ಅಂತ ಬರಬೇಕಾದ್ರೆ ಒಳ್ಳೆಯವರೇ ಎಸೀಬೇಕು.”

ಪಂಡಿತರು ಮೇಜು ನೋಡುತ್ತ, “ಆಕೆ ಹೇಳೋದು ಸರಿ,” ಎಂದರು. ಪ್ರಾಧ್ಯಾಪಕರು ವಿರೋಧಿಸುವ ಬದಲು ಎದ್ದು ಹೋಗಿ ಕಿಟಕಿ ಮುಚ್ಚಿದರು.

“ನಿಯಮ ಗೋಡೆ ಮೇಲಿದೆ,” ಎಂದು ಟೈಪಿನ ಅಕ್ಕ ಮುಂದುವರಿಸಿದಳು. “ಸ್ವಲ್ಪ ವಾರೆಯಾಗಿದ್ರೂ ಸಂಸ್ಥಾಪಕರೂ ಮೇಲಿದ್ದಾರೆ. ಕಂಡವರ ಸಹಿ ಇದೆ. ಎಸೆದವರು ಎದುರಿಗೇ ಕೂತಿದ್ದಾರೆ. ಇಷ್ಟು ಗಟ್ಟಿ ಆಕರ ನಮ್ಮ ಕೋಶದಲ್ಲಿ ಇನ್ನೊಂದಿಲ್ಲ.”

ವಾಕ್ಯ ಪಾಸಾಯಿತು. ಒಂದನೆಯ ಅರ್ಥಕ್ಕೆ ಹಾಕಬೇಕೋ ಎರಡನೆಯದಕ್ಕೋ ಎಂದು ಅರ್ಧ ಗಂಟೆ ಜಗಳವಾಡಿ, ಕೊನೆಗೆ ಎಲ್ಲ ಅರ್ಥಗಳೂ ಮುಗಿದ ಮೇಲೆ ಒಂದು ಸಾಲು ಬಿಟ್ಟು ಬೇರೆಯಾಗಿ ಕೊಡುವುದೆಂದು ತೀರ್ಮಾನಿಸಿದರು. ಸಭೆ ಏಳುವ ಮೊದಲು ನಾನು ಅಧ್ಯಕ್ಷರ ಮುಂದೆ ಇದ್ದ ಸ್ಮರಣೆಯ ಪುಸ್ತಿಕೆಯ ಪ್ರತಿಯನ್ನು ಕೇಳಿ ತೆಗೆದುಕೊಂಡೆ. ಗಡುಸು ಮಾತು ಸುಳಿಯಲಿಲ್ಲ ಎಂಬ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆದೆ: “ಆಕರವಿಲ್ಲ. ಕೈಬಿಡಿ.”

“ಇನ್ನುಳಿದ ನಾನೂರ ತೊಂಬತ್ತೊಂಬತ್ತು?” ಎಂದರು ಅಧ್ಯಕ್ಷರು ಸೋತ ದನಿಯಲ್ಲಿ.

“ಸಿಕ್ಕಷ್ಟಕ್ಕೆ ಬರೀತೀನಿ,” ಎಂದೆ. ಇಲ್ಲಿಯವರೆಗೆ ಅರವತ್ತು ಸಿಕ್ಕಿವೆ.

ಸಂಪುಟದ ಅಚ್ಚಿನ ಕರಡು ಮೂರು ತಿಂಗಳ ಮೇಲೆ ಬಂತು. ಮೊದಲ ಪುಟಗಳಲ್ಲಿ ಆಕರಗಳ ಪಟ್ಟಿ ಇರುತ್ತದೆ. ನಾವು ಯಾರ ಯಾರ ಮಾತನ್ನು ತೆಗೆದುಕೊಂಡಿದ್ದೇವೋ ಅವರ ಹೆಸರೆಲ್ಲ ಅಕ್ಷರದ ಕ್ರಮದಲ್ಲಿ. ದೊಡ್ಡ ದೊಡ್ಡವರೆಲ್ಲ ಇದ್ದಾರೆ. ಅವರ ನಡುವೆ, ‘ಚ’ಕಾರದಲ್ಲಿ, ಟೈಪಿನ ಅಕ್ಕ ಒಂದು ಸಾಲು ಸೇರಿಸಿದ್ದಳು: “ಚೀಟಿಯಮ್ಮ. ಸ್ವಂತ ವಾಕ್ಯ.” ಅದೊಂದು ಸಾಲನ್ನು ನಾನು ಕರಡು ತಿದ್ದುವವನಂತೆ ಅಕ್ಷರ ಅಕ್ಷರವಾಗಿ ಓದಿದೆ. ತಪ್ಪಿರಲಿಲ್ಲ.

ಭಾನುವಾರ ಅದನ್ನು ಮಗಳಿಗೆ ತೋರಿಸಿದೆ. ಸೊಟ್ಟ ಬಾಯಿಯ ಲೋಟದಲ್ಲಿ ನೀರು ತುಂಬಿಸಿ ಅವಳಿಗೆ ಕೊಡಲು ಹೋದೆ. ಅವಳು ಅದನ್ನು ತೆಗೆದುಕೊಳ್ಳದೆ ನನ್ನ ಕಡೆಗೇ ತಳ್ಳಿದಳು. “ಅದರಲ್ಲಿ ನೀವು ಕುಡೀರಿ ಅಪ್ಪಾ.” ಕುಡಿದೆ. ಬಾಯಿ ಎಲ್ಲಿ ಇಟ್ಟರೂ ಒಂದು ಕಡೆಯಿಂದ ನೀರು ಸೋರಿ ಕತ್ತಿಗೆ ಇಳಿಯಿತು. ಇಪ್ಪತ್ತೈದು ವರ್ಷ ನನ್ನ ಹೆಂಡತಿ ಇದರಲ್ಲಿ ಹೇಗೆ ಚೆಲ್ಲದೆ ಕುಡಿದಳೋ!

“ಅಪ್ಪಾ,” ಎಂದಳು ಮಗಳು, “ಮೊದಲನೇ ವಾಕ್ಯ ಏನಿತ್ತು? ನೀವು ಬಿಸಾಕಿದ್ದು. ‘ಕಮ್’ ಅನ್ನೋದಕ್ಕೆ ಅಮ್ಮ ಬರೆದಿದ್ದು.”

ನಾನು ಯೋಚಿಸಿದೆ. ಚೀಟಿ ಕಣ್ಣಿಗೆ ಕಟ್ಟುತ್ತದೆ. ಎರಡೇ ಸಾಲು ಇತ್ತು. ನನ್ನ ಕೆಂಪು ಗೆರೆ ಎಡದಿಂದ ಬಲಕ್ಕೆ ಹೋಗಿತ್ತು. ಚೀಟಿ ಬುಟ್ಟಿಯ ಅಂಚಿಗೆ ತಾಗಿ ಒಳಗೆ ಬಿತ್ತು. ವಾಕ್ಯ ಮಾತ್ರ ನೆನಪಿಲ್ಲ. ನಾನು ಆಗ ಹಿಂಭಾಗ ಮಾತ್ರ ನೋಡುತ್ತಿದ್ದೆ.

ಈಗ ಬೆಳಗಿನ ಪ್ರಾರ್ಥನೆಯಲ್ಲಿ ಬೇರೆ ಏನನ್ನೂ ಕೇಳುವುದಿಲ್ಲ. ಆ ಎರಡು ಸಾಲು ಕೊಡು ಎಂದು ಕೇಳುತ್ತೇನೆ. ಇನ್ನೂ ಬಂದಿಲ್ಲ.